ತೊಟ್ಟೆ ಮನೆಯ ಮ್ಯಾನೇಜರು

ಧೋ ಎಂದು ಮಳೆ ಸುರಿಯುವಾಗ ಹೆಂಡತಿ ಕೊಡಪಾನದಲ್ಲಿ ಗಿಡಕ್ಕೆ ನೀರು ಹೊರುವುದು, ಗಂಡ ಪಕ್ಕದಲ್ಲಿ ಅವಳಿಗೆ ಕೊಡೆ ಹಿಡಿದುಕೊಂಡು ನಡೆಯುವುದು! ಇಂಥ ದೃಶ್ಯ ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವೇ? ಹಾಗಾದರೆ ನೀವು ನಮ್ಮ ಬಾವನನ್ನು ಕಂಡಿಲ್ಲ. ಆಸಾಡಿ ಮಳೆಗೆ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುವಾಗ, 'ಅಯ್ಯೋ, ಗಿಡ ಒಣಗಿತು' ಎಂದು ಹೌಹಾರುವ ಮನುಷ್ಯ ಇಡೀ ಯಡ್ತರೆ ಊರಿಗೆ ಅವರೊಬ್ಬರೇ.

ಸುಳ್ಳಲ್ಲ, ಗಿಡ ನಿಜಕ್ಕೂ ಒಣಗುತ್ತಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ತರಕಾರಿ ಕೊಳೆತುಹೋಗುತ್ತದೆಂದು ಬಾವ ಹಿತ್ತಿಲಲ್ಲಿ ಕಬ್ಬಿಣದ ಕಮಾನು ನೆಟ್ಟು, ದಪ್ಪ ಪ್ಲಾಸ್ಟಿಕ್ ಹೊದೆಸಿ, ಒಳಗೆ ಆಳು ನಡೆದಾಡುವಷ್ಟು ಎತ್ತರದ ಗುಡಾರ ಕಟ್ಟಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಕಡೆ ತೊಟ್ಟೆ ಎನ್ನುತ್ತಾರಲ್ಲ, ಹಾಗಾಗಿ ಅಕ್ಕ ಅದಕ್ಕಿಟ್ಟ ಹೆಸರು ತೊಟ್ಟೆ ಮನೆ. ಮಳೆಯನ್ನು ಹೊರಗೆ ನಿಲ್ಲಿಸಿದ ಮೇಲೆ ಒಳಗೆ ನೀರು ಹಾಕುವವರು ಯಾರು? ಅಕ್ಕ. ಬಿಸಿಲು ಬಂದರೆ ಒಳಗಿನ ಧಗೆಗೆ ಗಿಡ ಬೆಂದುಹೋಗುತ್ತದೆ. ಪಕ್ಕದ ಪರದೆ ಸುತ್ತಿ ಏರಿಸುವವರು, ಮೋಡ ಕವಿದರೆ ಓಡಿಬಂದು ಇಳಿಸುವವರು ಯಾರು? ಅದೂ ಅಕ್ಕನೇ. ಬಾವನ ಕೈಗೆ ಕೊಡಪಾನ ಕೊಡಲು ಅವಳಿಗೆ ಧೈರ್ಯವಿಲ್ಲ. ಅವರು ಒಮ್ಮೆ ನೀರು ಹಾಕಿದ ಹರಿವೆ ಸೊಪ್ಪು ನಿಂತಲ್ಲೇ ಸಾಂಬಾರಾಗಿತ್ತು!

ಬಾವ ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ದುಡಿದವರು. ಮೊದಲು ಪಾತ್ರೆ ತೊಳೆದು, ಕೊನೆಗೆ ಮ್ಯಾನೇಜರಾಗಿ ಊರಿಗೆ ಬಂದರು. ಅಕ್ಕ ಮಾತ್ರ ಅತ್ತೆ, ಮಕ್ಕಳು, ದನ ಎಂದು ಊರಲ್ಲೇ ಉಳಿದಳು. ಮದುವೆಯಾದ ವಾರವೇ ಬಾವ 'ನಿಂಗ್ ಬೊಂಬಾಯಿ ತೋರ್ಸ್ತೆ' ಎಂದು ಮಾತು ಕೊಟ್ಟಿದ್ದರಂತೆ. ಈಗ ಅತ್ತೆ ಇಲ್ಲ, ದನ ಇಲ್ಲ, ಮಕ್ಕಳಿಗೆ ಅವರವರ ಸಂಸಾರ. ಹೋಗಲು ಅಡ್ಡಿ ಏನು?

"ನಾ ಬತ್ತಿಲ್ಲೆ. ಬದ್ನೆ ಗಿಡಕ್ಕೆ ನೀರ್ ಹಾಕುದ್ ಯಾರ್, ನಿಮ್ಮ್ ಅಜ್ಜಯ್ಯನಾ?" ಎಂದಳು ಅಕ್ಕ.

ಬಾವನಿಗೆ ಹಟ ಬಂತು. "ಯಾರೂ ಬೇಡ. ತೊಟ್ಟೆ ಮನೆ ತನ್ನಷ್ಟಕ್ಕೇ ನಡೆಯೂ ಹಾಂಗೆ ಮಾಡ್ತೆ. ಮತ್ತೆ ಬತ್ಯಾ ಇಲ್ಯಾ?"

"ಕಾಂಬ" ಎಂದಳು. ಬಾವನಿಗೆ ಆ 'ನೋಡೋಣ'ವೇ ಸಾಕಾಯಿತು!

ಕುಂದಾಪುರಕ್ಕೆ ಹೋಗಿ ಪೈಪು, ಟೈಮರು, ಮೋಟಾರು, ಮಣ್ಣಿನ ತೇವ ಅಳೆಯುವ ಕಡ್ಡಿ, ಗಾಳಿಯ ಸೆಕೆ, ಹಬೆ ಅಳೆಯುವ ಡಬ್ಬಿ, ಇವನ್ನೆಲ್ಲ ನಡೆಸಿ ಬಾವನ ಮೊಬೈಲಿಗೆ ವರದಿ ಒಪ್ಪಿಸುವ ಯಂತ್ರದ ಪೆಟ್ಟಿಗೆ ಎಲ್ಲ ತಂದರು. ಆದರೆ ಹೋಟೆಲಿನ ಬುದ್ಧಿ ಹೋಗಬೇಕಲ್ಲ! ಪ್ರತಿ ಸಾಲಿಗೂ ಟೇಬಲ್ ನಂಬರು ಬಂತು. ಒಂದನೇ ಟೇಬಲು ಬದನೆ, ಎರಡನೆಯದು ಬೆಂಡೆ. ನೀರು ಬಿಡುವ ಮೊದಲು ಗಂಟೆ ಬಾರಿಸಬೇಕು. "ಗಂಟೆ ಎಂತಕ್ ಬಾವ, ಬೆಂಡೆಕಾಯಿ ಕೈ ತೊಳ್ಕಂಡ್ ಬತ್ತಾ?" ಎಂದು ಕೇಳಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು.

ಗಂಟೆಯೇನೋ ಸರಿಯಾಗಿ ಹೊಡೆಯಿತು. ಪರದೆಯದ್ದೇ ತಕರಾರು. ಒಳಗೆ ಹಬೆ ಹೆಚ್ಚಾದರೆ ಪರದೆ ತಾನೇ ಏರಬೇಕು, ಕಡಿಮೆಯಾದರೆ ಇಳಿಯಬೇಕು. ಆದರೆ ಜಡಿಮಳೆಯಲ್ಲೇ ಅದು ಏರಿ ನಿಲ್ಲುತ್ತಿತ್ತು. ಎರಚಲು ಒಳಗೆ ನುಗ್ಗುತ್ತಿತ್ತು. ಇಳಿಯುವ ಮಾತೇ ಇಲ್ಲ! ಬಾವ ಡಬ್ಬಿಯನ್ನು ಬಿಚ್ಚಿದರು, ಬೈದರು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಂದಾಪುರಕ್ಕೆ ಒಯ್ದರು. ಅಲ್ಲಿ ಅದು ಸಭ್ಯಸ್ಥರ ಹಾಗೆ ಕೆಲಸ ಮಾಡಿತು. ಮನೆಗೆ ಬಂದರೆ ಮತ್ತದೇ ಚಾಳಿ.

ನಾಲ್ಕನೇ ದಿನ ನಾನೇ ಹೋಗಿ ನೋಡಿದೆ. ಬೆಂಡೆ ಸಾಲಿನ ಮೇಲೆ ಹಗ್ಗ, ಹಗ್ಗದ ತುಂಬ ಒದ್ದೆ ಸೀರೆ, ಪಂಚೆ, ಚಾದರ! ಬಟ್ಟೆಯ ತೇವಕ್ಕೆ ಡಬ್ಬಿ ಹೆದರಿ ಪರದೆ ಏರಿಸುವುದು, ಎರಚಲಿಗೆ ಬಟ್ಟೆ ಇನ್ನಷ್ಟು ಒದ್ದೆಯಾಗುವುದು, ಡಬ್ಬಿ ಮತ್ತಷ್ಟು ಹೆದರುವುದು. ಅಕ್ಕನನ್ನು ಕೇಳಿದರೆ ಅವಳದ್ದೇ ನ್ಯಾಯ: "ಅಲ್ಲಾ ಮಾರಾಯ, ಮಳೆಗಾಲ್ದಗೆ ಇಷ್ಟ್ ದೊಡ್ಡ ಮಾಡ್ ಇಪ್ಪತಿಗೆ ವಸ್ತ್ರ ಒಣ್ಸದೇ ಇಪ್ಪುಕ್ ಆತ್ತಾ?" ಒಣ ಸೂರು ಸಿಕ್ಕ ಮೇಲೆ ಕರಾವಳಿಯ ಯಾವ ಹೆಂಗಸು ಇದಕ್ಕೆ ಇಲ್ಲವೆಂದಾಳು?

ಬಾವ ಹೋಟೆಲಿನ ಕ್ರಮದಂತೆ ಬೋರ್ಡು ಬರೆಸಿದರು: 'ಇಲ್ಲಿ ಬಟ್ಟೆ ಒಣಗಿಸಬಾರದು.' ಮರುದಿನ ಆ ಬೋರ್ಡಿನ ಮೇಲೆಯೇ ಮೈ ಒರೆಸುವ ಒಂದು ಬೈರಾಸು ಒಣಗುತ್ತಿತ್ತು.

ಅಂತೂ ಹಗ್ಗ ಬಿಚ್ಚಿದ ಮೇಲೆ ಯಂತ್ರ ದಾರಿಗೆ ಬಂದು, ಮಳೆ ತುಸು ಇಳಿಯುವ ಸೋಣೆ ತಿಂಗಳಲ್ಲಿ ಅಕ್ಕ ಎಂಟು ದಿನದ ಮಟ್ಟಿಗೆ ಮುಂಬೈಗೆ ಹೊರಡಲು ಒಪ್ಪಿದಳು. ಪಕ್ಕದ ಮನೆಯವನಾದ ನನಗೆ ಬಾವ ಹೊರಡುವಾಗ ತಾಕೀತು ಮಾಡಿದರು: "ನೀ ಒಳ್ಗ್ ಹೋಪುಕಾಗ. ಎಂತದೂ ಮುಟ್ಟುಕಾಗ. ಯಂತ್ರಕ್ಕೆ ಎಲ್ಲ ಗೊತ್ತಿತ್ತ್."

ಅದಕ್ಕೆ ಗೊತ್ತಿತ್ತೋ ಇಲ್ಲವೋ, ಒಂದು ಹಲ್ಲಿಗೆ ಗೊತ್ತಿರಲಿಲ್ಲ. ಅವರು ಹೋದ ಮಾರನೇ ದಿನವೇ ಅದು ಯಂತ್ರದ ಪೆಟ್ಟಿಗೆಯೊಳಗೆ ಹೊಕ್ಕು ಎರಡು ತಂತಿಯ ನಡುವೆ ಸಿಕ್ಕಿ, ತಾನೂ ಸತ್ತು ಯಂತ್ರವನ್ನೂ ಸಾಯಿಸಿತ್ತು. ಗಂಟೆ ಇಲ್ಲ, ಪಂಪು ಇಲ್ಲ, ಪರದೆ ಇಲ್ಲ. ಹೇಳಿದರೆ ಅಕ್ಕ ಬ್ಯಾಗು ಬಿಚ್ಚದೆ ಹಿಂದೆ ಬರುವವಳು! ನಾನು ಬಾಯಿ ಮುಚ್ಚಿಕೊಂಡು ಬಾವಿಯಿಂದ ನೀರು ಸೇದಿ ಹೊತ್ತೆ. ಬಿಸಿಲು ಬಂದಾಗ ಪರದೆ ಏರಿಸಿದೆ, ಮಳೆ ಬಂದಾಗ ಇಳಿಸಿದೆ. ಮೂರೇ ದಿನಕ್ಕೆ ಸೊಂಟ ಹಿಡಿಯಿತು. ಅಕ್ಕ ಇದನ್ನು ದಿನಾ ಮಾಡುತ್ತಿದ್ದಳಲ್ಲ!

ಅದೇ ದಿನ ಸಂಜೆ ಅವಳ ಫೋನು. ಬಾವ ಕೆಲಸ ಮಾಡಿದ ಹೋಟೆಲು ನೋಡಿ ಬಂದಿದ್ದಳು.

"ಅವ್ರ್ ಮಲ್ಕಂತಿದ್ದ ಕೋಣಿ ಕಂಡೆ ಮಾರಾಯ. ಎಂಟ್ ಜನ ಅಂಬ್ರ್, ಕಾಲ್ ನೀಡುಕೂ ಜಾಗ ಇಲ್ಲ. ಮೂವತ್ ವರ್ಷ ನಂಗೆ ಒಂದ್ ದಿನ ಹೇಳ್ಲಿಲ್ಲ ಅವ್ರ್..." ಆಮೇಲೆ ಮೂಗು ಒರೆಸಿಕೊಂಡ ಸದ್ದು. "ಇನ್ನೊಂದ್ ನಾಲ್ಕ್ ದಿನ ಹೆಚ್ಚ್ ಇರ್ತ್ ನಾವ್. ಗಿಡ ಹ್ಯಾಂಗಿತ್ತ್?"

"ಎಲ್ಲ ತನ್ನಷ್ಟಕ್ಕೇ ಆತಾ ಇತ್ತ್ ಅಕ್ಕ" ಎಂದೆ, ಕೊಡಪಾನ ಕೆಳಗಿಟ್ಟು.

ಅಷ್ಟರಲ್ಲಿ ಫೋನು ಬಾವನ ಕೈಗೆ ಹೋಯಿತು. ಅವಳಿಂದ ದೂರ ಸರಿದರೆಂದು ಕಾಣುತ್ತದೆ, ದನಿ ತಗ್ಗಿಸಿ ಹೇಳಿದರು: "ಬದ್ನೆ ಬುಡಕ್ಕೆ ಎರಡ್ ಚೊಂಬ್ ಸಾಕ್ ಮಾರಾಯ. ಹೆಚ್ಚ್ ಹಾಕ್ಬೇಡ."

ಇವರಿಗೆ ಹೇಗೆ ಗೊತ್ತಾಯಿತು? ಯಂತ್ರ ಸತ್ತ ದಿನವೇ ಅವರ ಮೊಬೈಲಿಗೆ ವರದಿ ಬರುವುದು ನಿಂತಿತ್ತಂತೆ.

"ಅವ್ಳಿಗೆ ಹೇಳ್ಬೇಡ. ಹೇಳ್ರೆ ನಾಳೆ ರೈಲಿಗೇ ಹೊರ್ಟ್ ಬತ್ಲ್" ಎಂದರು. ಜನ್ಮದಲ್ಲಿ ಒಮ್ಮೆಯೂ ನನ್ನ ಹತ್ತಿರ ಬೇಡಿಕೊಳ್ಳದ ಬಾವ ಆವತ್ತು ಬೇಡಿಕೊಳ್ಳುತ್ತಿದ್ದರು. "ಎಷ್ಟ್ ದಿನ ಬೇಕಾರೂ ಇರಿ ಬಾವ" ಎಂದಷ್ಟೇ ಹೇಳಿ, ಇನ್ನೊಂದು ಕೊಡಪಾನ ನೀರು ಸೇದಲು ಬಾವಿಯ ಕಡೆ ಹೋದೆ.