ಬೀಗರೂಟಕ್ಕೆ ಬಗ್ಗದ ಮಂಡಿ

ಎಲುಬಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ನಗು ತಾನೇ ಕುಂಟಿಕೊಂಡು ಬಾಗಿಲಿಗೆ ಬರುತ್ತದೆ. ಎಂಬತ್ತರ ದಶಕದಲ್ಲಿ ನಾನು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಕಾಲಿನ ವ್ಯಾಯಾಮ ಮಾಡಿಸುತ್ತಿದ್ದೆ. ಮಂಡಿ ಬದಲಾಯಿಸುವ ಆಪರೇಷನ್ ಆಗಿನ್ನೂ ಹೊಸದು. ಮಂಡಿ ಫಾರಿನ್ನಿಂದ ಬರುತ್ತಿತ್ತು, ರೋಗಿ ಕೊಡಿಗೇಹಳ್ಳಿಯಿಂದ. ಇಬ್ಬರನ್ನೂ ಹೊಂದಿಸುವ ಕರ್ಮ ನನ್ನದು.

ಕುರ್ಚಿಯವರ ಮಂಡಿ

ಕೊಡಿಗೇಹಳ್ಳಿಯ ಗೌಡಮ್ಮನವರ ಎರಡೂ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು. ಡಾಕ್ಟರು ಮಾದರಿ ಮಂಡಿಯೊಂದನ್ನು ತೋರಿಸಿದರು. ತೊಡೆಮೂಳೆಯ ತುದಿಗೆ ಲೋಹದ ಟೊಪ್ಪಿ, ಕೆಳಗಿನ ಮೂಳೆಯ ಮೇಲೆ ಪ್ಲಾಸ್ಟಿಕ್ ತಟ್ಟೆ. ಗೌಡಮ್ಮ ಅದನ್ನು ಮಡಚಿ ನೋಡಿದರು. ಕುರ್ಚಿಯಲ್ಲಿ ಕೂರುವಷ್ಟು ಮಡಚಿಕೊಂಡು ನಿಂತುಬಿಟ್ಟಿತು.

"ಇಷ್ಟೇನಾ ಬಗ್ಗೋದು? ಮಗಳ ಮದ್ವೆ ಐತೆ ಸ್ವಾಮಿ. ಬೀಗರೂಟದಾಗೆ ಬೀಗಿತ್ತಿ ಪಕ್ಕ ನೆಲದ ಮ್ಯಾಲೆ ಕುಂತು ಉಣ್ಬೇಕು."

"ನೆಲದ ಮೇಲೆ ಕೂರೋ ಹಾಗಿಲ್ಲಮ್ಮ. ಜಾಸ್ತಿ ಮಡಚಿದ್ರೆ ಪ್ಲಾಸ್ಟಿಕ್ಕಿನ ಹಿಂದಿನ ಅಂಚಿಗೆ ಭಾರ ಬಿದ್ದು ಸಡಿಲ ಆಗುತ್ತೆ. ಇದನ್ನ ಮಾಡಿದೋರು ಕುರ್ಚಿ ಮೇಲೆ ಕೂತು ಊಟ ಮಾಡೋರು."

"ಕಕ್ಕಸ್ಗೆ?"

"ಅದೂ ಕುರ್ಚಿ ಥರಾನೇ."

ಗೌಡಮ್ಮನವರಿಗೆ ನಿಜವಾಗಿಯೂ ಕರುಣೆ ಉಕ್ಕಿತು. "ಅಯ್ಯೋ ಪಾಪ! ಆ ದೇಶದಾಗೆ ಉಟ್ಟಿದಾಗ್ಲಿಂದ್ಲೇ ಎಲ್ರಿಗೂ ಮಂಡಿನೋವಾ?"

ಒಂದು ಬೆರಳು

ನಮ್ಮ ಡಾಕ್ಟರಿಗೆ ನೇರ ಗೆರೆಯ ಹುಚ್ಚು. ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಗೆರೆ ಎಳೆದರೆ ಅದು ಮಂಡಿಯ ಮಧ್ಯದಲ್ಲೇ ಹಾಯಬೇಕು. ಇಲ್ಲದಿದ್ದರೆ ಚಪ್ಪಲಿ ಒಂದೇ ಪಕ್ಕ ಸವೆಯುವ ಹಾಗೆ ಪ್ಲಾಸ್ಟಿಕ್ಕೂ ಸವೆಯುತ್ತದೆ. ಒಂದಾದ ಮೇಲೊಂದು ಎರಡೂ ಕಾಲಿಗೆ ಆಪರೇಷನ್ ಆಯಿತು. ಗೌಡಮ್ಮ ನೆಟ್ಟಗೆ ಎದ್ದು ನಿಂತರು. ಪಕ್ಕದಲ್ಲಿ ನಿಂತ ಅವರ ಗಂಡನ ಮುಖ ಬಾಡಿತು.

"ಏನ್ ಮಾಡ್ಬಿಟ್ರಿ ಸ್ವಾಮಿ! ಇಬ್ರೂ ಒಂದೇ ಸಮ ಇದ್ವಿ. ಈಗ ಇವ್ಳೇ ಒಂದು ಬೆರಳು ಎತ್ರ!"

"ಬಾಗಿದ್ದನ್ನ ನೇರ ಮಾಡಿದ್ರೆ ಉದ್ದ ಆಗ್ದೆ ಇರುತ್ತಾ ಗೌಡ್ರೇ?" ಎಂದರು ಡಾಕ್ಟರು.

ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. "ಅದೇ ಮಂಡಿ ನಂಗೂ ಆಕ್ತಾರಾ?"

"ನೋವಿದೆಯಾ?"

"ನೋವೇನಿಲ್ಲ. ಒಂದು ಬೆರಳು ಸಾಕು."

ಗುಣಿ

ಮದುವೆ ಹತ್ತಿರ ಬಂದಾಗ ಗೌಡಮ್ಮ ವ್ಯಾಯಾಮದ ಮಧ್ಯೆಯೇ ಅತ್ತುಬಿಟ್ಟರು. "ಬೀಗಿತ್ತಿ ಚಾಪೆ ಮ್ಯಾಲೆ, ನಾನು ಕುರ್ಚಿ ಮ್ಯಾಲಾ? ಗಂಡಿನೋರಿಗೆ ಅವಮಾನ ಮಾಡ್ದಂಗೆ. ನನ್ ಮಗಳು ಆ ಮನೇಲಿ ಬಾಳ್ಬೇಡ್ವಾ?" ಮಂಡಿ ಮಾಡಿದ ಆ ಫಾರಿನ್ ಎಂಜಿನಿಯರುಗಳ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

ಬೀಗರೂಟಕ್ಕೆ ಡಾಕ್ಟರೂ ನಾನೂ ಹೋದೆವು. ತೋಟದ ಚಪ್ಪರದ ಕೆಳಗೆ ಪಂಕ್ತಿ ಕೂತಿತ್ತು. ನೋಡಿದರೆ ಗೌಡಮ್ಮ ಬೀಗಿತ್ತಿಯ ಪಕ್ಕ, ಎಲ್ಲರ ಸಮಕ್ಕೆ, ನೆಲದ ಮೇಲೇ ಕೂತಿದ್ದಾರೆ!

"ಹೋಯ್ತು, ಮಂಡಿ ಹೋಯ್ತು!" ಎನ್ನುತ್ತಾ ಡಾಕ್ಟರು ಓಡಿದರು.

"ಬಗ್ಗಿ ನೋಡಿ ಸ್ವಾಮಿ," ಎಂದರು ಗೌಡರು.

ಗೌಡಮ್ಮನ ಮುಂದೆ, ತೆಂಗಿನ ಸಸಿಗೆ ತೋಡುವಂಥ ಒಂದು ಗುಣಿ. ಕಾಲು ಅದರೊಳಗೆ ಇಳಿಬಿಟ್ಟು, ಪಾದ ತಳಕ್ಕೆ ಊರಿ, ಕುರ್ಚಿಯಲ್ಲಿ ಕೂತ ಹಾಗೇ ಕೂತಿದ್ದರು. ಗುಣಿಯ ಮೇಲೆ ಅಡ್ಡಲಾಗಿ ಹಲಗೆ, ಹಲಗೆಯ ಮೇಲೆ ಎಲೆ.

"ಮಂಡಿ ಬಗ್ಗಾಕಿಲ್ಲ ಅಂದ್ರಿ. ಅದ್ಕೇ ನೆಲಾನೇ ಬಗ್ಗಿಸ್ದೆ," ಎಂದರು ಗೌಡರು.

ಡಾಕ್ಟರು ಎದೆ ಸವರಿಕೊಂಡು ಎಲೆ ಮುಂದೆ ಕೂತರು. ಆದರೆ ಬೀಗಿತ್ತಿಯ ಕಣ್ಣು ಗುಣಿಯ ಮೇಲೆ ಬಿತ್ತು. ಅವರೂ ಆಗಿನಿಂದ ಮಂಡಿ ನೀವಿಕೊಳ್ಳುತ್ತಲೇ ಇದ್ದರು.

"ಹೆಣ್ಣಿನ ತಾಯ್ಗೆ ಗುಣಿ, ಗಂಡಿನ ತಾಯ್ಗೆ ಬರೀ ಚಾಪೆನಾ?"

ಮುದ್ದೆ ಬಡಿಸುವವರು ನಿಂತಲ್ಲೇ ನಿಂತರು. ಗೌಡಮ್ಮನ ಮುಖ ಬಿಳಿಚಿಕೊಂಡಿತು. ಗೌಡರು ಪಂಚೆ ಎತ್ತಿ ಕಟ್ಟಿ ತಾವೇ ಹಾರೆ ಹಿಡಿದರು. ಬೀಗಿತ್ತಿ ಪಕ್ಕದಲ್ಲಿ ನಿಂತು ಅಪ್ಪಣೆ ಕೊಟ್ಟರು, "ನಾವು ಗಂಡಿನ ಕಡೆಯೋರು. ನಂದು ಒಂದು ಗೇಣು ಜಾಸ್ತಿ ಆಳ ಇರ್ಲಿ."

ಹಾಗೇ ಆಯಿತು. ಬೀಗಿತ್ತಿ ಕೂತರು, ಕಾಲು ತಳಕ್ಕೆ ಎಟುಕದೆ ಗಾಳಿಯಲ್ಲಿ ತೂಗಾಡಿತು. ಬಾಯಿಬಿಟ್ಟು ಹೇಳುವುದು ಹೇಗೆ? ನಮ್ಮ ಡಾಕ್ಟರು ಎಲೆ ಬಿಟ್ಟೆದ್ದು, ಇಟ್ಟಿಗೆ ತಂದು ಅವರ ಪಾದದ ಕೆಳಗೆ ಜೋಡಿಸಿದರು. ಬೀಗಿತ್ತಿಗೆ ಹಾಯೆನಿಸಿತು. ಆಮೇಲೆ ಪಕ್ಕದ ಗುಣಿಯತ್ತ ಓರೆಗಣ್ಣಲ್ಲಿ ನೋಡಿ ಮೆಲ್ಲಗೆ ಕೇಳಿದರು, "ಅವ್ರಿಗೆ ಇಟ್ಟಿಗೆ ಇಲ್ಲ ತಾನೇ?"

"ಇಲ್ಲಮ್ಮ," ಎಂದರು ಡಾಕ್ಟರು ಗಂಭೀರವಾಗಿ, "ಅದು ಗಂಡಿನ ಕಡೆಯೋರಿಗೆ ಮಾತ್ರ."