ಸೋಂಪಿನ ಮೇಲಿನ ನೋಟು

ಮುಳಬಾಗಿಲು ತಾಲ್ಲೂಕು ಕಚೇರಿಯ ಗುಮಾಸ್ತ ಚಂದ್ರಶೇಖರ ಹೋಟೆಲಿನಲ್ಲಿ ಭಕ್ಷೀಸು ಇಟ್ಟದ್ದನ್ನು ಕಂಡವರಿಲ್ಲ. ಬಿಲ್ಲಿನ ತಟ್ಟೆಯಲ್ಲಿ ಬಂದ ಸೋಂಪನ್ನು ಅರ್ಧ ಬಾಯಿಗೆ, ಅರ್ಧ ಜೇಬಿಗೆ ಸುರಿದುಕೊಂಡು, ಖಾಲಿ ತಟ್ಟೆಯನ್ನು ಧಾರಾಳವಾಗಿ ಬಿಟ್ಟುಹೋಗುವ ಆಸಾಮಿ.

ಅಂಥವನಿಗೆ ಅಂದು ಪೀಕಲಾಟಕ್ಕಿಟ್ಟುಕೊಂಡಿತು. ಆವನಿಯ ಹಳೇ ಶ್ಯಾನುಭೋಗರು ವೆಂಕಟಸುಬ್ಬಯ್ಯ ಹುಡುಗನನ್ನು ನೋಡಲು ಬರುವವರಿದ್ದರು. ಅವರ ಮಗಳು ಅನಂತಲಕ್ಷ್ಮಿಯ ಫೋಟೋ ನೋಡಿದಾಗಿನಿಂದ ಅವನಿಗೆ ಕಡತ ಬಿಚ್ಚಿದರೂ ಅವಳ ಜಡೆಯೇ ಕಾಣುತ್ತಿತ್ತು. ವಯಸ್ಸು ಮೂವತ್ತೆರಡು, ಇದು ಒಂಬತ್ತನೆಯ ಸಂಬಂಧ. ಜಾತಕ, ಗೋತ್ರ ಎಲ್ಲ ಕೂಡಿಬಂದಿದ್ದವು. ಬಾಕಿಯಿದ್ದದ್ದು ಮಾವನ ಜೊತೆ ಒಂದು ಮಸಾಲೆ ದೋಸೆ.

"ಭಕ್ಷೀಸಲ್ಲೇ ಕಣೋ ಗಂಡಸಿನ ಕೈ ಗೊತ್ತಾಗೋದು," ಎಂದ ಕಚೇರಿಯ ಅಶ್ವತ್ಥಪ್ಪ. ಅವನು ಸ್ವಂತ ದುಡ್ಡಲ್ಲಿ ಕಾಫಿ ಕುಡಿದು ವರ್ಷವಾಗಿತ್ತು. "ಹತ್ತು ಪೈಸೆ ಇಟ್ರೆ ಜಿಪುಣ ಅಂತ ಹೆಣ್ಣೇ ಕೊಡಲ್ಲ. ಐದರ ನೋಟು ಇಡು."

"ಐದಾ? ಬಿಲ್ಲೇ ಮೂರಾಗಲ್ವಲ್ಲೋ."

"ಇಡೋದಷ್ಟೇ ಕಣೋ, ಕೊಡೋದಲ್ಲ. ಸಪ್ಲಯರ್ ಕೃಷ್ಣಮೂರ್ತಿಗೆ ಮೊದ್ಲೇ ಹೇಳಿಡು. ಆಮೇಲೆ ಹಿತ್ತಲ ಬಾಗಿಲಲ್ಲಿ ವಾಪಸ್ ಇಸ್ಕೋ."

ಕೃಷ್ಣಮೂರ್ತಿ ತಕ್ಷಣ ಒಪ್ಪಿದ. ತನಗೆಷ್ಟು ಎಂದು ಕೇಳಲೂ ಇಲ್ಲ. ಅಲ್ಲೇ ಚಂದ್ರಶೇಖರನಿಗೆ ಅನುಮಾನ ಬರಬೇಕಿತ್ತು. ನಾಲ್ಕಾಣೆ ಉಳಿಯಿತೆಂಬ ಸಂತೋಷದಲ್ಲಿ ಬರಲಿಲ್ಲ.

ಮಧ್ಯಾಹ್ನ ವೆಂಕಟಸುಬ್ಬಯ್ಯ ದೋಸೆ ಮುಗಿಸಿ, ಬೆರಳು ನೆಕ್ಕಿ, "ಬಾಗುಂದಿ, ಚೆನ್ನಾಗಿದೆ" ಎಂದರು. ತಮಾಷೆ ನೋಡಲು ಬಂದ ಅಶ್ವತ್ಥಪ್ಪ ಪಕ್ಕದ ಮೇಜಿನಲ್ಲೇ ಕೂತಿದ್ದ. ಚಂದ್ರಶೇಖರ ಬಿಲ್ಲಿನ ದುಡ್ಡು ಬೇರೆ ಎಣಿಸಿಟ್ಟು, ದೇವರಿಗೆ ಹೂವೇರಿಸುವ ಹಾಗೆ ಐದರ ನೋಟನ್ನು ಸೋಂಪಿನ ಮೇಲಿಟ್ಟ.

"ಇದೇನು, ಭಕ್ಷೀಸಾ?" ಮುದುಕರ ಹುಬ್ಬು ಮೇಲೇರಿತು.

"ಅಭ್ಯಾಸ ಸಾರ್. ದಿನಾ ಇಷ್ಟು ಇಟ್ಬಿಡ್ತೀನಿ."

"ದಿನಾ ಐದಂದ್ರೆ ತಿಂಗಳಿಗೆ ನೂರೈವತ್ತು. ನಿಮ್ಮ ಸಂಬಳ ಮುನ್ನೂರ ಅರವತ್ತು." ಶ್ಯಾನುಭೋಗಿಕೆ ಹೋಗಿದ್ದರೂ ಲೆಕ್ಕ ಹೋಗಿರಲಿಲ್ಲ. "ನನ್ನ ಮಗಳು ಉಪವಾಸ ಇರ್ಬೇಕೇನು?"

ಚಂದ್ರಶೇಖರ ಮೇಜಿನ ಮೇಲೆ ಬಾಗಿದ. "ಅಯ್ಯೋ ಇಲ್ಲ ಸಾರ್, ಇದು ಬರೀ ತೋರಿಕೆಗೆ. ಹಿತ್ತಲ ಬಾಗಿಲಲ್ಲಿ ವಾಪಸ್ ಕೊಡ್ತಾನೆ. ಬೇಕಾದ್ರೆ ಅವನನ್ನೇ ಕೇಳಿ."

ಕೃಷ್ಣಮೂರ್ತಿ ಆಗಲೇ ನೋಟು ಮಡಿಸಿ ಸೊಂಟಕ್ಕೆ ಸಿಕ್ಕಿಸಿದ್ದ. "ಎಲ್ಲಿಯ ವಾಪಸ್ಸು ಸ್ವಾಮಿ? ಈ ಸಾರ್ ಅಂದದ್ದೇ ನಿಜ, ದಿನಾ ಐದು ಇಡ್ತಾರೆ. ಇಂಥ ಧರ್ಮಾತ್ಮರಿಂದ್ಲೇ ನಮ್ಮ ಬದುಕು."

ಚಂದ್ರಶೇಖರನ ಸುಳ್ಳೇ ಅವನ ವಿರುದ್ಧ ಸಾಕ್ಷಿ ಹೇಳಿತ್ತು.

ವೆಂಕಟಸುಬ್ಬಯ್ಯ ಅವನ ಕಡೆ ಮತ್ತೆ ನೋಡಲೂ ಇಲ್ಲ. ಒಬ್ಬ ಗಿರಾಕಿಯಿಂದಲೇ ತಿಂಗಳಿಗೆ ನೂರೈವತ್ತು ಮೇಲ್ಸಂಪಾದನೆ! ಸಪ್ಲಯರನನ್ನೂ ಅವನ ಜನಿವಾರವನ್ನೂ ನಿಧಾನವಾಗಿ ನೋಡಿದರು.

"ಊಟ ತಿಂಡಿ?"

"ಎಲ್ಲ ಹೋಟೆಲಲ್ಲೇ ಸ್ವಾಮಿ."

"ಮದುವೆ?"

"ಇನ್ನೂ ಆಗಿಲ್ಲ."

"ಕೂತ್ಕೊಳ್ಳಿ," ಎಂದು ಮುದುಕರು ಚಂದ್ರಶೇಖರನ ಕುರ್ಚಿಯನ್ನೇ ತೋರಿಸಿದರು. "ನಿಮ್ಮದು ಯಾವ ಗೋತ್ರ?"

ಎದ್ದು ಬಂದ ಚಂದ್ರಶೇಖರನ ಭುಜದ ಮೇಲೆ ಅಶ್ವತ್ಥಪ್ಪ ಕೈಯಿಟ್ಟ.

"ಹೋಗ್ಲಿ ಬಿಡೋ. ಅವಳ ಮದುವೆಗೆ ಮುಯ್ಯಿ ಈಗ್ಲೇ ಓದಿಸ್ದಂಗಾಯ್ತು. ನನ್ನ ದೋಸೆ ಬಿಲ್ಲೂ ನೀನೇ ಕೊಟ್ಬಿಡು."