ಉಪವಾಸದ ಯೀಸ್ಟಿಗೆ ಅತ್ತೆಯ ಉಂಡಿ

ಬ್ಯಾಡಗಿಯಲ್ಲಿರುವ ನನ್ನ ಸೋದರತ್ತೆಗೆ ಹಸಿವೆ ಕಂಡರಾಗದು. ತನ್ನದಲ್ಲ, ಲೋಕದ್ದು! ಕರೆಂಟಿನ ಮೀಟರ್ ನೋಡಲು ಬಂದವನೂ ಆಕೆಯ ಮನೆಯಿಂದ ಒಗ್ಗರಣೆ ಅವಲಕ್ಕಿ ತಿನ್ನದೆ ಹೊರಬಿದ್ದದ್ದಿಲ್ಲ. ಅವಸರವಿದೆ ಎಂದರೆ ಎರಡು ತಟ್ಟೆ.

ಇಂಥವಳ ಅಣ್ಣನ ಮಗಳು ನಾನು ಮಾಡುವ ಸಂಶೋಧನೆಯೇನು? ಯೀಸ್ಟನ್ನು ಉಪವಾಸ ಕೆಡವುವುದು!

ಬ್ರೆಡ್ಡು ಉಬ್ಬಿಸುವ ಆ ಸೂಕ್ಷ್ಮಜೀವಿ, ಗ್ಲುಕೋಸ್ ಇರುವ ತನಕ ಬೇರೆ ಸಕ್ಕರೆಯತ್ತ ತಿರುಗಿ ನೋಡುವುದಿಲ್ಲ. ಅದನ್ನು ಅರಗಿಸುವ ಜೀನುಗಳು ಮುಚ್ಚಿಯೇ ಇರುತ್ತವೆ. ಗ್ಲುಕೋಸ್ ತೆಗೆದು ಗ್ಯಾಲಕ್ಟೋಸ್ ಕೊಟ್ಟರೆ, ಡಿಎನ್‌ಎ ಮೇಲೆ ಸುಮ್ಮನೆ ಕುಳಿತಿದ್ದ ಒಂದು ಪ್ರೋಟೀನು ಎಚ್ಚೆತ್ತು ಅವನ್ನು ತೆರೆಸುತ್ತದೆ. ಆ ಪ್ರೋಟೀನಿನ ಒಂದು ತುಣುಕು ಬದಲಿಸಿದರೂ ಅದು ಏಳುತ್ತದೆಯೇ? ಇದು ನನ್ನ ಪ್ರಶ್ನೆ.

ಒಮ್ಮೆ ರಜೆಗೆ ಹೋದಾಗ ಅತ್ತೆಗೆ ಇಷ್ಟನ್ನು ತಿಳಿಸಲು ನಾನು ಅರ್ಧ ತಾಸು ಬೆವರಿದೆ. ಅತ್ತೆ ಒಂದೇ ಉಸಿರಿಗೆ ಮುಗಿಸಿದಳು: “ತಿಳೀತು ಬಿಡವಾ. ಅದು ಮನಿ ಹಿರೇ ಸೊಸಿ ಇದ್ದಂಗ. ಸಕ್ಕರಿ ಇರೂತನಕ ಸುಮ್ಮ ಕುಂತಿರ್ತಾಳ. ಸಕ್ಕರಿ ತೀರಿ ಬೆಲ್ಲ ಬಂತಂದ್ರ ಎದ್ದು ಒಲಿ ಹಚ್ಚತಾಳ. ಅಲ್ಲ, ಆ ನಡುವ ಪಾಪ ಅವು ಏನ್ ತಿಂತಾವ?”

ಏನೂ ಇಲ್ಲ ಎಂದೆ. ನಮ್ಮ ವಂಶದಲ್ಲಿ ಮೊದಲ ಕಟುಕಿ ಹುಟ್ಟಿದಂತೆ ನನ್ನನ್ನು ನೋಡಿದಳು.

ಹೊರಡುವಾಗ ಶೇಂಗಾ ಉಂಡಿಯ ಎರಡು ಡಬ್ಬಿ: ಒಂದು ನನಗೆ, ಒಂದು ಅವಕ್ಕೆ! ರೈಲು ಹತ್ತಿಸಲು ರಾಣೆಬೆನ್ನೂರಿನ ತನಕ ಬಂದವಳು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನನ್ನ ಪರಿಚಯವನ್ನೂ ಮಾಡಿಕೊಟ್ಟಳು: “ಹುಡುಗಿ ಭಾಳ ಶಾಣ್ಯಾಕಿ. ಕರುಳಿಲ್ಲ, ಅಷ್ಟ.”

ಆ ವರ್ಷ ನನ್ನ ಪ್ರೋಟೀನು ಏಳಲೇ ಇಲ್ಲ. ಶಿಷ್ಯವೇತನ ಮಾರ್ಚಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಏನೂ ಆಗದಿದ್ದರೆ ಸಂಶೋಧನೆ ಬಿಟ್ಟು ಹಾವೇರಿಗೆ, ಅಪ್ಪನ ಮನೆಗೆ ಮರಳಬೇಕು. ಇಂಥದ್ದನ್ನು ಯಾರಿಗೂ ಹೇಳಿಕೊಳ್ಳುವವಳಲ್ಲ ನಾನು. ದೀಪಾವಳಿಗೆ ಮುಂಚೆ ಒಮ್ಮೆ ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನು ಮಾಡಿದಾಗ ಹೇಗೋ ಬಾಯಿಬಿಟ್ಟೆ. ಆಮೇಲೆ ಭಾನುವಾರ ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: “ಎದ್ಲೇನವಾ ಸೊಸಿ?”

ಫೆಬ್ರವರಿಯಲ್ಲಿ ಎದ್ದಳು. ಎದುರಿಗೇ ಹೇಳೋಣವೆಂದು ಬ್ಯಾಡಗಿಗೆ ಹೋದೆ. ಸುದ್ದಿ ಕೇಳಿ ಅತ್ತೆ ಚಹಾಕ್ಕಿಡಲು ಒಳಗೆ ಹೋದಳು. ಮಾವ ಪೇಪರಿನಿಂದ ತಲೆಯೆತ್ತಿದರು.

“ನಿನ್ನ ಹುಳಾ ಏಳೂತನಕ ಸಕ್ಕರಿ-ಬೆಲ್ಲ ಮುಟ್ಟೂದಿಲ್ಲಂತ ದೇವರಿಗೆ ಬೇಡಿಕೊಂಡಿದ್ಲವಾ. ದೀಪಾವಳಿ ಹೋಳಿಗಿನೂ ಬಿಟ್ಲು.”

ಕಪ್ಪಿಗೆ ಮೂರು ಚಮಚ ಸುರಿದುಕೊಳ್ಳುತ್ತಿದ್ದವಳು! ಒಳಗೆ ಹೋಗಿ, ಆಕೆಯ ಚಹಾಕ್ಕೆ ನಾನೇ ಸಕ್ಕರೆ ಹಾಕಿ ಕಲಕಿ ಕೊಟ್ಟೆ. ಕಪ್ಪು ಹಿಡಿದಳು, ಕುಡಿಯಲಿಲ್ಲ.

“ಮೊದಲ ಅವಕ್ಕ ತಿನ್ನಾಕ ಕೊಟ್ಟು ಬಂದಿಯಿಲ್ಲೋ?”

“ಕೊಟ್ಟು ಬಂದೇನತ್ತಿ.”

ಆಮೇಲೆಯೇ ಕಪ್ಪನ್ನು ತುಟಿಗೆ ಹಚ್ಚಿದಳು.